ವೀಲ್‌ಚೇರ್‌ನಲ್ಲಿ ಇರುವವಳು ಒಬ್ಬಳೇ ಮನೆ ಮಾಡಬಹುದಾ?

ಮಲೆನಾಡ ಮಗಳು:

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ. ತೀರ್ಥಹಳ್ಳಿ ಕಡೆಯ ಹಳ್ಳಿ. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಕೈ ಎರಡೂ ಗಟ್ಟಿ ಇವೆ. ಶಿವಮೊಗ್ಗದಲ್ಲಿ ಸರ್ಕಾರಿ ಕೆಲಸ ಸಿಕ್ಕಿದೆ. ಸದ್ಯ ಅಣ್ಣ ದಿನಾ ಕಾರಲ್ಲಿ ಬಿಟ್ಟು, ಸಂಜೆ ಕರೆದುಕೊಂಡು ಹೋಗುತ್ತಾನೆ. ಅವನ ತೋಟದ ಕೆಲಸವೆಲ್ಲ ಹಿಂದೆ ಬಿದ್ದಿದೆ.

ಶಿವಮೊಗ್ಗದಲ್ಲೇ ಬಾಡಿಗೆ ಮನೆ ಮಾಡಿಕೊಂಡು ಇರಬೇಕು ಅಂತ ನನ್ನ ಆಸೆ. "ಸ್ನಾನಕ್ಕೆ ಯಾರು ಎತ್ತುತ್ತಾರೆ? ರಾತ್ರಿ ಬಿದ್ದರೆ?" ಅಂತ ಅಮ್ಮ ಅಳುತ್ತಾರೆ. ತಾವೇ ಬಂದು ಇರುತ್ತಾರಂತೆ. ಅವರು ಬಂದರೆ ಅಪ್ಪನನ್ನ, ಕೊಟ್ಟಿಗೆಯನ್ನ ನೋಡುವವರು ಯಾರು? ಇನ್ನೊಂದು ವಿಷಯ. ಕಚೇರಿಯ ಹೆಂಗಸರ ಶೌಚಾಲಯಕ್ಕೆ ಎರಡು ಮೆಟ್ಟಿಲಿವೆ. ಹಾಗಾಗಿ ಸಂಜೆವರೆಗೂ ನೀರೇ ಕುಡಿಯುವುದಿಲ್ಲ. ಒಬ್ಬರೇ ಇರುವವರು ಯಾರಾದರೂ ದಾರಿ ಹೇಳಿ.

ಮೈಸೂರಿನ ಅಕ್ಕ:

ತಂಗಿ, ಮೊದಲು ನೀರಿನ ವಿಷಯ. ಇವತ್ತಿನಿಂದಲೇ ನೀರು ಕುಡಿಯಿರಿ. ನಮ್ಮಂಥವರಿಗೆ ಮೂತ್ರದ ಸೋಂಕು ಬೇಗ ಬರುತ್ತದೆ, ಕಿಡ್ನಿವರೆಗೂ ಹೋಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಸರ್ಕಾರಿ ಕಚೇರಿ ನಿಮಗೆ ಅಡೆತಡೆ ಇಲ್ಲದ ವ್ಯವಸ್ಥೆ ಮಾಡಿಕೊಡಲೇಬೇಕು. ಬಾಯಲ್ಲಿ ಹೇಳಬೇಡಿ, ಅರ್ಜಿ ಬರೆದು ಸ್ವೀಕೃತಿ ತೆಗೆದುಕೊಳ್ಳಿ. 23ನೇ ಸೆಕ್ಷನ್ ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೆಯಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ದಾಖಲಾದ ಎರಡು ವಾರದೊಳಗೆ ಅವರು ವಿಚಾರಣೆ ಮಾಡಬೇಕು. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಬರೆಯಿರಿ. ಎರಡು ಮೆಟ್ಟಿಲಿಗೆ ಇಳಿಜಾರು ಹಾಕುವುದು ದೊಡ್ಡ ಕೆಲಸವೇ ಅಲ್ಲ.

ಇನ್ನು ಮನೆ. ನನಗೂ ಬೆನ್ನುಹುರಿ ಪೆಟ್ಟೇ. ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಮನೆ ನೋಡಲು ಹೋಗುವಾಗ ಟೇಪು ಒಯ್ಯಿರಿ. ವೀಲ್‌ಚೇರಿನ ಅಗಲವನ್ನು ಕೈಯಲ್ಲಿ ತಳ್ಳುವ ರಿಂಗೂ ಸೇರಿಸಿ ಅಳೆಯಿರಿ. ಹಾಲ್, ರೂಮ್ ಎಲ್ಲ ಸರಿ ಇದ್ದು ಬಚ್ಚಲ ಬಾಗಿಲಿಗೆ ಬಂದಾಗ ಕುರ್ಚಿ ಸಿಕ್ಕಿಹಾಕಿಕೊಳ್ಳುತ್ತದೆ. ಆ ಬಾಗಿಲು ಒಳಗೆ ತೆರೆಯುವಂಥದ್ದಾದರೆ ಹೊರಗೆ ತೆರೆಯುವಂತೆ ಮಾಡಿಸಿ. ಒಳಗೆ ಬಿದ್ದರೆ ನಿಮ್ಮ ಮೈಯೇ ಬಾಗಿಲಿಗೆ ಅಡ್ಡ ಆಗುತ್ತದೆ, ಯಾರೂ ಬರಲಾಗುವುದಿಲ್ಲ. ನನ್ನ ಮನೆ ಓನರ್ ಮೊದಲು ಒಪ್ಪಲಿಲ್ಲ. ಬಿಟ್ಟು ಹೋಗುವಾಗ ಮೊದಲಿನಂತೆ ಮಾಡಿಸಿಕೊಡುತ್ತೇನೆ ಅಂತ ಕರಾರಿನಲ್ಲೇ ಬರೆಸಿದ ಮೇಲೆ ಒಪ್ಪಿದರು.

ಹೊಸ್ತಿಲು ತೆಗೆಸಿ ಅಂತ ಕೇಳಬೇಡಿ. ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುವ ಜಾಗ, ಯಾರೂ ಒಪ್ಪುವುದಿಲ್ಲ. ಒಳಗೊಂದು ಹೊರಗೊಂದು ಇಳಿಜಾರು ಹಲಗೆ ಇಡಿಸಿ. ಎತ್ತರದ ಹನ್ನೆರಡು ಪಟ್ಟು ಉದ್ದ ಬೇಕು. ಅಂದರೆ ಎರಡು ಇಂಚಿನ ಹೊಸ್ತಿಲಿಗೆ ಎರಡಡಿ ಹಲಗೆ. ಕಡಿಮೆ ಮಾಡಿದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಎಲ್ಲಕ್ಕಿಂತ ಮುಖ್ಯ ಸಹಾಯಕ್ಕೆ ಬರುವವರು. ನನ್ನ ಮನೆಗೆ ಬೆಳಿಗ್ಗೆ ಒಬ್ಬರು ಬಂದು ಸ್ನಾನಕ್ಕೆ ನೆರವಾಗಿ, ಅಡುಗೆ ಮಾಡಿ ಹೋಗುತ್ತಾರೆ. ಸಂಬಳ ನೀವೇ ಕೊಡಿ, ಅಮ್ಮನ ಕೈಯಿಂದ ಕೊಡಿಸಬೇಡಿ. ಅಮ್ಮ ಕೊಟ್ಟರೆ ಆಕೆ ಅಮ್ಮನ ಮಾತು ಕೇಳುತ್ತಾರೆ. ನೀವು ಎಷ್ಟು ಹೊತ್ತಿಗೆ ಮಲಗಿದಿರಿ, ಯಾರು ಬಂದಿದ್ದರು ಅನ್ನುವುದೆಲ್ಲ ಊರಿಗೆ ಹೋಗುತ್ತದೆ. ಹೇಗೆ ಎತ್ತಬೇಕು, ಯಾವ ಕಡೆ ಹಿಡಿಯಬೇಕು ಅಂತ ನೀವೇ ಬಾಯಿಬಿಟ್ಟು ಕಲಿಸಿ. ಆಕೆ ರಜೆ ಹಾಕಿದ ದಿನಕ್ಕೆ ಇನ್ನೊಬ್ಬರನ್ನು ಈಗಲೇ ಹುಡುಕಿಡಿ.

ಅಮ್ಮನಿಗೆ ಒಂದು ಮಾತು ಹೇಳಿ. ಎಡ್ ರಾಬರ್ಟ್ಸ್ ಅನ್ನುವ ಅಮೆರಿಕದವರಿಗೆ ಪೋಲಿಯೋ ಆಗಿ ಕುತ್ತಿಗೆ ಕೆಳಗೆ ಹೆಚ್ಚುಕಡಿಮೆ ಏನೂ ಅಲ್ಲಾಡುತ್ತಿರಲಿಲ್ಲ. ಉಸಿರಾಟಕ್ಕೂ ಯಂತ್ರ ಬೇಕಿತ್ತು. ಅವರೂ ಅವರ ಜೊತೆಯವರೂ ಸೇರಿ 1972ರಲ್ಲಿ ಬರ್ಕ್ಲಿಯಲ್ಲಿ ಸ್ವತಂತ್ರ ಬದುಕಿನ ಕೇಂದ್ರ ಕಟ್ಟಿದರು. ಸಹಾಯಕರನ್ನ, ಮನೆಯನ್ನ ಹುಡುಕಿಕೊಡುವುದನ್ನೂ ವಿಕಲಚೇತನರೇ ನಡೆಸಿದರು. ನಮ್ಮ ಕಾಯ್ದೆಯ 5ನೇ ಸೆಕ್ಷನ್ನಿನಲ್ಲೂ ಸಮುದಾಯದಲ್ಲಿ ಬದುಕುವ ಹಕ್ಕು, ಮನೆಗೇ ಬರುವ ಸಹಾಯಕರ ಮಾತು ಇದೆ. ಆದರೆ ಸಹಾಯಕರ ಸಂಬಳ ನಾನು ನನ್ನ ಜೇಬಿನಿಂದಲೇ ಕೊಡುತ್ತಿದ್ದೇನೆ. ಸಂಬಳ ಇಲ್ಲದವರು ಏನು ಮಾಡಬೇಕು? ಇದನ್ನ ನಾವೆಲ್ಲ ಸೇರಿ ಕೇಳಲೇಬೇಕು.

ತಾಲ್ಲೂಕು ಕಾರ್ಯಕರ್ತ:

ನಾನು ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ಅಕ್ಕ ಹೇಳಿದ್ದು ಸರಿ. ಮನೆ ಮಾಡುವ ಮೊದಲು ಬೆಂಗಳೂರಿನ ಎಪಿಡಿಯಲ್ಲಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ) ವಿಚಾರಿಸಿ. 1959ರಿಂದ ಇರುವ ಸಂಸ್ಥೆ, ಬೆನ್ನುಹುರಿ ಪೆಟ್ಟಾದವರಿಗೆ ತರಬೇತಿ ಕೊಡುತ್ತಾರೆ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ಹಲಗೆ ಇಟ್ಟು ಜಾರುವುದು ಬಂದರೆ ಎತ್ತುವವರೇ ಬೇಡ. ನಿಮ್ಮ ಕೈ ಗಟ್ಟಿ ಇದೆ ಅಂದಿರಲ್ವಾ, ಕಲಿಯುತ್ತೀರಿ.

ಓಡಾಟಕ್ಕೆ ಪಕ್ಕದ ಗಾಲಿ ಹಾಕಿದ ಸ್ಕೂಟರ್ ನೋಡಿ. ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ ಆದರೂ ಆ ಎತ್ತರದ ಮೆಟ್ಟಿಲು ನೀವು ಹತ್ತಬೇಕಲ್ಲ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇಲ್ಲದಿದ್ದರೆ ಮೊದಲು ಮಾಡಿಸಿ, ಎಲ್ಲದಕ್ಕೂ ಅದನ್ನೇ ಕೇಳುತ್ತಾರೆ.

ಮಲೆನಾಡ ಮಗಳು:

ಓದಿ ಕಣ್ಣು ತುಂಬಿತು. ಅಮ್ಮನಿಗೂ ಓದಿ ಹೇಳಿದೆ, ಏನೂ ಮಾತಾಡಲಿಲ್ಲ. "ಹಲಗೆ ಮೇಲೆ ಜಾರುವುದು ಅಂದರೆ ಹೇಗೆ?" ಅಂತ ಮಾತ್ರ ಕೇಳಿದರು. ಶೌಚಾಲಯದ ಅರ್ಜಿ ಸೋಮವಾರ ಕೊಡುತ್ತೇನೆ. ಅಕ್ಕಾ, ಒಂದೇ ಪ್ರಶ್ನೆ. ಸಹಾಯಕ್ಕೆ ಬರುವವರಿಗೆ ಮನೆ ಕೀ ಕೊಡಬಹುದಾ?

ಮೈಸೂರಿನ ಅಕ್ಕ:

ಒಂದು ಕೀ ಅವರಿಗೆ, ಇನ್ನೊಂದು ಪಕ್ಕದ ಮನೆಯವರಿಗೆ ಕೊಡಿ. ಒಳಗಿನ ಚಿಲಕ ಹಾಕಬೇಡಿ, ಹೊರಗಿಂದಲೂ ಕೀಯಲ್ಲಿ ತೆರೆಯುವ ಬೀಗ ಹಾಕಿಸಿ. ಫೋನ್ ಬಚ್ಚಲಿಗೂ ಜೊತೆಗಿರಲಿ. ಅಮ್ಮನನ್ನು ಒಂದು ವಾರಾಂತ್ಯ ಮೈಸೂರಿಗೆ ಕರೆತನ್ನಿ, ಜಾರುವುದು ಹೇಗೆ ಅಂತ ನಾನೇ ತೋರಿಸುತ್ತೇನೆ.