ಟಿವಿ ಆನ್ ಆಗಿ ತಾನೇ ಆಫ್ ಆಗುತ್ತಿದೆ, ಪ್ಯಾನಲ್ ಹೋಗಿದೆಯಾ?

ಪ್ರಶ್ನೆ, ಕಾರಟಗಿಯಿಂದ:
ಅಣ್ಣಾ, ನಮಸ್ಕಾರ. ನಮ್ಮದು 32 ಇಂಚಿನ ಎಲ್‌ಇಡಿ ಟಿವಿ. ತಗೊಂಡು ಐದು ವರ್ಷ ಆಯ್ತು. ಈಗ ಆನ್ ಮಾಡಿದರೆ ಕಂಪನಿ ಹೆಸರು ಬರುತ್ತದೆ, ತಕ್ಷಣ ಪರದೆ ಕಪ್ಪಾಗುತ್ತದೆ. ಸ್ವಲ್ಪ ಹೊತ್ತಿಗೆ ಪೂರ್ತಿ ಆಫ್. ಕೆಂಪು ಲೈಟ್ ಮಿಣುಕುತ್ತದೆ, ಮತ್ತೆ ತಾನೇ ಆನ್ ಆಗುತ್ತದೆ, ಮತ್ತೆ ಅದೇ ಕಥೆ. ಒಬ್ಬರನ್ನು ಕರೆಸಿ ತೋರಿಸಿದೆವು. ಹಿಂದಿನ ಕವರ್ ಕೂಡ ಬಿಚ್ಚದೆ "ಪ್ಯಾನಲ್ ಹೋಗಿದೆ, ಹೊಸದು ತಗೊಳ್ಳಿ" ಎಂದು ಹೇಳಿ ಹೋದರು. ಭತ್ತದ ದುಡ್ಡು ಕೈಗೆ ಬರುವವರೆಗೆ ಹೊಸ ಟಿವಿ ಆಗದ ಮಾತು. ಅತ್ತೆಯವರಿಗೆ ಸಂಜೆ ಹೊತ್ತೇ ಹೋಗುತ್ತಿಲ್ಲ. ರಿಪೇರಿ ಆಗಬಹುದಾ?

ಉತ್ತರ, ಟಿವಿ ಮೆಕ್ಯಾನಿಕ್, ಗಂಗಾವತಿ:
ಅಕ್ಕಾ, ಹೊಸ ಟಿವಿ ಮಾತು ಸದ್ಯಕ್ಕೆ ಬಿಡಿ. ಪ್ಯಾನಲ್ ಅಂದರೆ ಚಿತ್ರ ಮೂಡುವ ಗಾಜಿನ ಪರದೆ, ಅದು ಕೆಟ್ಟರೆ ಹೆಚ್ಚಾಗಿ ಪರದೆ ಮೇಲೆ ಗೆರೆ ಬರುತ್ತದೆ, ಅರ್ಧ ಭಾಗ ಮಸುಕಾಗುತ್ತದೆ, ಬಣ್ಣ ಕೆಡುತ್ತದೆ. ಆದರೂ ಟಿವಿ ಓಡುತ್ತಲೇ ಇರುತ್ತದೆ. ಆನ್ ಆಗಿ ಆಫ್ ಆಗುವುದಕ್ಕೆ ಕಾರಣ ಬಹಳ ಸಲ ಬೇರೆಯೇ ಇರುತ್ತದೆ. ಕವರ್ ಬಿಚ್ಚದೆ, ಕರೆಂಟ್ ಅಳೆಯುವ ಮೀಟರ್ ಇಡದೆ ಪ್ಯಾನಲ್ ಹೋಗಿದೆ ಅಂದರೆ ನಂಬಬೇಡಿ.

ಮೊದಲು ಸೆಟ್‌ಟಾಪ್ ಬಾಕ್ಸ್, ಪೆನ್‌ಡ್ರೈವ್, ಎಚ್‌ಡಿಎಂಐ ವೈರ್ ಎಲ್ಲ ಕಿತ್ತುಬಿಡಿ. ರಿಮೋಟಿನ ಸೆಲ್ ತೆಗೆಯಿರಿ, ಬಟನ್ ಒಳಗೆ ಕಚ್ಚಿಕೊಂಡಿದ್ದರೆ ರಿಮೋಟೇ ಟಿವಿಯನ್ನು ಆಫ್ ಮಾಡುತ್ತಿರುತ್ತದೆ. ಟಿವಿಯ ಪ್ಲಗ್ ತೆಗೆದು ಎಕ್ಸ್‌ಟೆನ್ಶನ್ ಬೋರ್ಡ್ ಇಲ್ಲದೆ ನೇರ ಗೋಡೆಯ ಸಾಕೆಟ್‌ಗೆ ಹಾಕಿ. ಆಗಲೂ ಹಾಗೇ ಆದರೆ ರಾತ್ರಿ ರೂಮಿನ ಲೈಟ್ ಆರಿಸಿ ಟಿವಿ ಆನ್ ಮಾಡಿ. ಪರದೆ ಕಪ್ಪಾದ ಕೂಡಲೇ ಮೊಬೈಲ್ ಟಾರ್ಚನ್ನು ಗಾಜಿನ ಹತ್ತಿರ ಓರೆಯಾಗಿ ಹಿಡಿದು ನೋಡಿ. ಒಳಗೆ ಚಿತ್ರದ ನೆರಳು ಕಾಣುತ್ತದಾ? ಸೌಂಡ್ ಬರುತ್ತದಾ? ಇವೆರಡು ನೋಡಿ ಹೇಳಿ.

ಕಾರಟಗಿಯಿಂದ:
ಎಲ್ಲ ಕಿತ್ತು ನೋಡಿದೆ ಅಣ್ಣಾ, ಬದಲಾಗಲಿಲ್ಲ. ಟಾರ್ಚ್ ಹಿಡಿದಾಗ ಮೆನುವಿನ ಅಕ್ಷರ ಮಬ್ಬಾಗಿ ಕಂಡವು! ಆನ್ ಆಗುವಾಗಿನ ಟ್ಯೂನ್ ಸಹ ಕೇಳಿಸಿತು. ಅಷ್ಟರಲ್ಲಿ ಆಫ್ ಆಯ್ತು.

ಉತ್ತರ:
ಹಾಗಾದರೆ ನಿಮ್ಮ ಪ್ಯಾನಲ್ ಚೆನ್ನಾಗಿದೆ ಅಕ್ಕಾ. ಚಿತ್ರ ಮೂಡುತ್ತಿದೆ, ಅದರ ಹಿಂದಿನ ಬೆಳಕು ಇಲ್ಲ. ಹೋಗಿರುವುದು ಬ್ಯಾಕ್‌ಲೈಟ್.

ಗಾಜಿನ ಹಿಂದೆ ಸಣ್ಣ ಎಲ್‌ಇಡಿ ಬಲ್ಬುಗಳ ಪಟ್ಟಿಗಳು ಇರುತ್ತವೆ. 32 ಇಂಚಿನಲ್ಲಿ ಸಾಮಾನ್ಯವಾಗಿ ಎರಡೋ ಮೂರೋ. ಬಲ್ಬುಗಳು ದೀಪಾವಳಿ ಸೀರಿಯಲ್ ಸೆಟ್‌ನ ಹಾಗೆ ಒಂದರ ಹಿಂದೆ ಒಂದು ಜೋಡಿಸಿರುತ್ತವೆ, ಒಂದು ಸುಟ್ಟರೂ ಆ ಸಾಲೆಲ್ಲ ಆರುತ್ತದೆ. ಕರೆಂಟ್ ಹರಿಯುತ್ತಿಲ್ಲ ಅಂತ ಬೋರ್ಡ್‌ಗೆ ಗೊತ್ತಾದ ಕೂಡಲೇ ಅದು ಟಿವಿಯನ್ನು ಆಫ್ ಮಾಡುತ್ತದೆ. ಕೆಲವು ಟಿವಿ ಆಫ್ ಆಗದೆ ಸೌಂಡ್ ಮಾತ್ರ ಕೊಡುತ್ತಾ ಇರುತ್ತವೆ, ನಿಮ್ಮದು ಆಫ್ ಆಗುವ ಜಾತಿ. ಬ್ಯಾಕ್‌ಲೈಟ್‌ಗೆ ಕರೆಂಟ್ ಕೊಡುವ ಡ್ರೈವರ್ ಕೆಟ್ಟರೂ ಇದೇ ಲಕ್ಷಣ ಬರುತ್ತದೆ. ಅದಕ್ಕೇ ಮೆಕ್ಯಾನಿಕ್ ಎರಡನ್ನೂ ಮೀಟರ್‌ನಲ್ಲಿ ನೋಡಬೇಕು.

ರಿಪೇರಿಗೆ ಕೊಡುವಾಗ ಇಷ್ಟು ಮಾತಾಡಿಕೊಳ್ಳಿ. ಸುಟ್ಟ ಒಂದು ಬಲ್ಬ್ ಮಾತ್ರ ಹಾಕಿಸಬೇಡಿ, ಪಟ್ಟಿ ಪೂರ್ತಿ ಸೆಟ್ ಬದಲಾಯಿಸಿ. ಉಳಿದ ಬಲ್ಬುಗಳಿಗೂ ಅಷ್ಟೇ ವಯಸ್ಸಾಗಿದೆ, ಎರಡು ತಿಂಗಳಿಗೆ ಮತ್ತೆ ಹೋಗಬಹುದು. 3 ವೋಲ್ಟ್ ಬಲ್ಬಿನ ಪಟ್ಟಿ ಬೇರೆ, 6 ವೋಲ್ಟಿನದು ಬೇರೆ. ಟಿವಿ ಮಾಡೆಲ್ ನಂಬರ್ ಕೊಟ್ಟು, ಹಳೇ ಪಟ್ಟಿಗೆ ಹೋಲಿಸಿಯೇ ತರಿಸಬೇಕು. ಇನ್ನೊಂದು ಮುಖ್ಯ ವಿಷಯ. ಪಟ್ಟಿ ಹಾಕಬೇಕಾದರೆ ಪರದೆಯ ಗಾಜನ್ನು ಪೂರ್ತಿ ಎತ್ತಿ ಪಕ್ಕಕ್ಕೆ ಇಡಬೇಕು. ಅದು ಬಹಳ ತೆಳು. ಅದರ ಅಂಚಿನಲ್ಲಿರುವ ರಿಬ್ಬನ್ ಥರದ ತೆಳು ವೈರ್ ಸ್ವಲ್ಪ ಎಳೆದರೂ ಗೆರೆ ಬಂದುಬಿಡುತ್ತದೆ, ಆಗ ನಿಜವಾಗಿಯೂ ಪ್ಯಾನಲ್ ಹೋಯಿತು. ಗಾಜಿಗೆ ಏನಾದರೂ ಆದರೆ ಯಾರ ಜವಾಬ್ದಾರಿ ಅಂತ ಮೊದಲೇ ಕೇಳಿಕೊಳ್ಳಿ. ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಕೊಡಬೇಡಿ.

ಪ್ರಶ್ನೆ, ರಾಯಚೂರಿನಿಂದ:
ಸರ್, ನಮ್ಮದು ಬೇರೆ ಥರ. ಬೆಳಿಗ್ಗೆ ಆನ್ ಮಾಡಿದರೆ ಐದಾರು ಸಲ ಆನ್-ಆಫ್ ಆಗಿ ಆಮೇಲೆ ನಿಲ್ಲುತ್ತದೆ. ಒಮ್ಮೆ ನಿಂತರೆ ರಾತ್ರಿವರೆಗೆ ತೊಂದರೆ ಇಲ್ಲ. ಒಳಗಿಂದ ಟಿಕ್ ಟಿಕ್ ಸದ್ದು.

ಉತ್ತರ:
ಇದು ಟಿವಿಗೆ ಕರೆಂಟ್ ಕೊಡುವ ಪವರ್ ಬೋರ್ಡಿನ ಕೆಪಾಸಿಟರ್ ಕೆಲಸ ಸರ್, ಹೆಚ್ಚುಕಡಿಮೆ ಖಚಿತ. ಕೆಪಾಸಿಟರ್ ಅಂದರೆ ಕರೆಂಟ್ ಕೂಡಿಟ್ಟು ಕೊಡುವ ಸಣ್ಣ ಡಬ್ಬಿಯಂಥ ಭಾಗ. ಒಳಗಿನ ದ್ರವ ಒಣಗಿದ ಕೆಪಾಸಿಟರ್ ತಣ್ಣಗಿರುವಾಗ ಸರಿಯಾಗಿ ಕೆಲಸ ಮಾಡುವುದಿಲ್ಲ, ಬಿಸಿಯಾದ ಮೇಲೆ ಹೇಗೋ ಸುಧಾರಿಸಿಕೊಳ್ಳುತ್ತದೆ. ಕವರ್ ಬಿಚ್ಚಿದಾಗ ನೋಡಿ, ಒಳ್ಳೆಯ ಕೆಪಾಸಿಟರಿನ ತಲೆ ಸಪಾಟಾಗಿರುತ್ತದೆ. ಕೆಟ್ಟದ್ದರ ತಲೆ ಉಬ್ಬಿರುತ್ತದೆ, ಕೆಲವು ಸಲ ಬುಡದಲ್ಲಿ ಕಂದು ಅಂಟು ಸೋರಿರುತ್ತದೆ. ಉಬ್ಬದೆಯೂ ಕೆಟ್ಟಿರಬಹುದು.

ನಮ್ಮ ಕಡೆ ಇದು ಜಾಸ್ತಿ. ಬಿಸಿ 10 ಡಿಗ್ರಿ ಏರಿದರೆ ಕೆಪಾಸಿಟರಿನ ಆಯಸ್ಸು ಸುಮಾರು ಅರ್ಧ ಆಗುತ್ತದೆ ಅನ್ನೋದು ಈ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ರಾಯಚೂರಿನ ಏಪ್ರಿಲ್, ಮೇ ಬಿಸಿಲಿನಲ್ಲಿ, ಗಾಳಿಯಾಡದ ಶೋಕೇಸ್ ಒಳಗೆ ಟಿವಿ ಇಟ್ಟರೆ ಅದರ ಗತಿ ಏನು ಹೇಳಿ. ಹಾಕಿಸುವಾಗ 105 ಡಿಗ್ರಿ ಎಂದು ಬರೆದದ್ದನ್ನೇ ಹಾಕಿಸಿ, 85 ಡಿಗ್ರಿಯದ್ದು ಬೇಡ. ಸಣ್ಣ ಸಾಮಾನು, ದೊಡ್ಡ ಖರ್ಚಲ್ಲ. ಆದರೆ ಹೀಗೇ ತಳ್ಳುತ್ತಾ ಹೋದರೆ ಬೋರ್ಡಿನ ಬೇರೆ ಭಾಗಗಳನ್ನೂ ಕೆಡಿಸುತ್ತದೆ.

ಪ್ರಶ್ನೆ, ಸಂಡೂರಿನಿಂದ:
ಅಣ್ಣಾ, ನಮ್ಮ ಟಿವಿ ಆಗಾಗ ಆಫ್ ಆಗುತ್ತದೆ. ಒಂದಿನ ಹತ್ತು ನಿಮಿಷಕ್ಕೆ, ಒಂದಿನ ಎರಡು ತಾಸಿಗೆ. ವೋಲ್ಟೇಜ್ ಕಡಿಮೆ ಇರಬೇಕು, ಸ್ಟೆಬಿಲೈಸರ್ ತಗೊಳ್ಳಲಾ?

ಉತ್ತರ:
ಸುಮ್ನೆ ದುಡ್ಡು ಹಾಕಬೇಡಿ. ಟಿವಿ ಹಿಂದಿನ ಸ್ಟಿಕ್ಕರ್ ಓದಿ. 100-240 ವೋಲ್ಟ್ ಎಂದು ಇದ್ದರೆ 230 ಇರಬೇಕಾದ ಕರೆಂಟ್ 170ಕ್ಕೆ ಇಳಿದರೂ ಅದು ಓಡಬೇಕು. ಹೊತ್ತುಗೊತ್ತು ಇಲ್ಲದೆ ಆಫ್ ಆದರೆ ನಾನು ಮೊದಲು ಸಾಕೆಟ್ ನೋಡುತ್ತೇನೆ. ಪ್ಲಗ್ ಬಿಸಿಯಾಗುತ್ತದಾ, ಪಿನ್ ಕಪ್ಪಾಗಿದೆಯಾ, ಅಲ್ಲಾಡಿಸಿದರೆ ಚಟಪಟ ಅನ್ನುತ್ತದಾ? ಹಾಗಿದ್ದರೆ ಸಾಕೆಟ್ ಬದಲಾಯಿಸಿ. ಸರಿಯಾಗಿ ನಾಲ್ಕು ತಾಸಿಗೆ ಆಫ್ ಆಗುವುದಾದರೆ ಕೆಟ್ಟಿಲ್ಲ, ಸೆಟ್ಟಿಂಗ್‌ನಲ್ಲಿ ಆಟೋ ಪವರ್ ಆಫ್ ಅಥವಾ ಸ್ಲೀಪ್ ಟೈಮರ್ ಇರುತ್ತದೆ. ನಿಮ್ಮ ಕಡೆ ಅದಿರು ಲಾರಿಗಳ ಕೆಂಪು ಧೂಳು ಬೇರೆ. ಬೋರ್ಡ್ ಮೇಲೆ ಕೂತ ಧೂಳು ಮಳೆಗಾಲದಲ್ಲಿ ತೇವ ಹಿಡಿದರೆ ಕರೆಂಟ್ ದಾರಿ ತಪ್ಪುತ್ತದೆ. ಮೆಕ್ಯಾನಿಕ್ ಹತ್ತಿರ ಒಣ ಬ್ರಷ್‌ನಿಂದ ಕ್ಲೀನ್ ಮಾಡಿಸಿ.

ಒಂದು ಮಾತ್ರ ನಿಜವಾಗಿ ಅಪಾಯ: ಗಾಳಿ ಮಳೆಗೆ ನ್ಯೂಟ್ರಲ್ ವೈರ್ ಕಟ್ ಆಗುವುದು. ಒಂದು ಮನೆಯಲ್ಲಿ ಬಲ್ಬ್ ವಿಪರೀತ ಉರಿಯುತ್ತದೆ, ಪಕ್ಕದ ಮನೆಯಲ್ಲಿ ಮಂಕಾಗುತ್ತದೆ. ಆಗ ಮನೆಗೆ 300 ದಾಟಿ ವೋಲ್ಟೇಜ್ ಬರಬಹುದು. ತಕ್ಷಣ ಮೇನ್ ಆಫ್ ಮಾಡಿ, ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ರಾಯಚೂರಿನಿಂದ:
ಸರ್, ಕೆಪಾಸಿಟರ್ ಅಷ್ಟೇ ಅಲ್ವಾ, ಮಗ ಐಟಿಐ ಓದುತ್ತಿದ್ದಾನೆ, ನಾನೇ ಬಿಚ್ಚಿ ಹಾಕುತ್ತೇನೆ ಅನ್ನುತ್ತಾನೆ.

ಉತ್ತರ:
ಕಲಿಯುವ ಆಸೆ ಒಳ್ಳೆಯದೇ, ಆದರೆ ಒಬ್ಬನೇ ಬಿಚ್ಚುವುದು ಬೇಡ. ಪವರ್ ಬೋರ್ಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಕೆಪಾಸಿಟರ್ ಒಂದಿರುತ್ತದೆ, ಮೇಲೆ 400 ಅಥವಾ 450 ವೋಲ್ಟ್ ಎಂದು ಬರೆದಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ 300 ವೋಲ್ಟಿನ ಆಸುಪಾಸು ಉಳಿದಿರಬಹುದು. ಕೈ ತಾಗಿದರೆ ಜೀವಕ್ಕೇ ಕುತ್ತು. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡುವುದಂತೂ ಬೇಡವೇ ಬೇಡ. ಗೊತ್ತಿರುವ ಮೆಕ್ಯಾನಿಕ್ ಪಕ್ಕ ಕೂತು, ಅದನ್ನು ರೆಸಿಸ್ಟರ್ ಹಾಕಿ ಹೇಗೆ ಖಾಲಿ ಮಾಡುತ್ತಾರೆ, ಮೀಟರ್‌ನಲ್ಲಿ ಹೇಗೆ ಖಚಿತ ಮಾಡಿಕೊಳ್ಳುತ್ತಾರೆ ನೋಡಲಿ. ನಮ್ಮ ಅಂಗಡಿಗೆ ಬಂದರೂ ಸರಿ, ತೋರಿಸುತ್ತೇನೆ.

ಕಾರಟಗಿಯಿಂದ:
ಅಣ್ಣಾ, ಟಿವಿ ಕೊಟ್ಟು ಬಂದೆವು. ಪಟ್ಟಿ ತರಿಸಿ ಹಾಕುತ್ತಾರಂತೆ. ಮತ್ತೆ ಬೇಗ ಹೋಗದ ಹಾಗೆ ಏನು ಮಾಡಬೇಕು?

ಉತ್ತರ:
ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಬ್ಯಾಕ್‌ಲೈಟ್ 100ರಲ್ಲಿ ಇದ್ದರೆ ಅಕ್ಕಾ, ಅದನ್ನು 60ಕ್ಕೆ ಇಳಿಸಿ. ಬ್ರೈಟ್‌ನೆಸ್ ಅಲ್ಲ, ಬ್ಯಾಕ್‌ಲೈಟ್ ಅಂತಲೇ ಬೇರೆ ಇರುತ್ತದೆ. ಹಗಲು ಸ್ವಲ್ಪ ಮಂಕು ಅನ್ನಿಸಬಹುದು, ಎರಡು ದಿನಕ್ಕೆ ಕಣ್ಣಿಗೆ ರೂಢಿ ಆಗುತ್ತದೆ. ಟಿವಿ ಹಿಂದೆ ನಾಲ್ಕು ಬೆರಳು ಜಾಗ ಬಿಡಿ. ಹಳೇ ಪಟ್ಟಿಗಳನ್ನು ಅವರ ಹತ್ತಿರ ಕೇಳಿ ಇಸ್ಕೊಳ್ಳಿ, ಬದಲಾಯಿಸಿದ್ದಾರೋ ಇಲ್ಲವೋ ಗೊತ್ತಾಗುತ್ತದೆ.