ಕೊಳವೆ ಹುಳುವಿಗೆ ರೆಕ್ಕೆ ಬಂದ ಮೇಲೆ: ‘ಹಾತೆ’ ಪದದ ಬಳಕೆ

ಮಾನ್ಯರೇ,

ತೀರ್ಥಹಳ್ಳಿ ಸೀಮೆಯ ಬತ್ತದ ಬೇಸಾಯದ ಪದಗಳನ್ನು ಪಟ್ಟಿ ಮಾಡುತ್ತಿರುವ ನನಗೆ ಒಂದು ಕಡೆ ಕೈ ಕಟ್ಟಿದಂತಾಗಿದೆ: ಕೊಳವೆ ಹುಳುವಿಗೆ ರೆಕ್ಕೆ ಬಂದ ಮೇಲೆ ಅದನ್ನು ಏನೆಂದು ಬರೆಯುವುದು? ನಟ್ಟಿಯಾದ ಹೊಸತರಲ್ಲಿ ನೀರು ನಿಂತ ಗದ್ದೆಗಳಲ್ಲಿ ಬೀಡಿಯಂತೆ ಸುತ್ತಿಕೊಂಡ ಎಲೆಯ ತುಂಡುಗಳು ತೇಲುವುದನ್ನು ಬೇಸಾಯಗಾರರೆಲ್ಲ ಕಂಡಿರುತ್ತಾರೆ. ಅವುಗಳೊಳಗೆ ಇರುವುದು ಕೊಳವೆ ಹುಳು. ಎಲೆಯ ತುದಿಯನ್ನು ಕತ್ತರಿಸಿ, ತನ್ನದೇ ನೂಲಿನಿಂದ ಬಿಗಿದು ಕೊಳವೆ ಮಾಡಿಕೊಂಡು, ಬುಡದಿಂದ ಬುಡಕ್ಕೆ ತೇಲುತ್ತ ಎಲೆಯ ಹಸಿರನ್ನು ಕೆರೆದು ತಿನ್ನುವ ಈ ಮರಿಗೆ, ಕಂಬಳಿಹುಳುಗಳಲ್ಲಿ ತೀರ ಅಪರೂಪವೆನ್ನುವಂತೆ, ನೀರಿನಲ್ಲಿ ಉಸಿರಾಡಲು ಎಳೆಎಳೆಯಾದ ಕಿವಿರುಗಳಿವೆ. ಸೀಮೆಎಣ್ಣೆಯಲ್ಲಿ ಅದ್ದಿದ ಹಗ್ಗವನ್ನು ಪೈರಿನ ಮೇಲೆ ಎಳೆದು ಕೊಳವೆಗಳನ್ನು ಉದುರಿಸಿ, ಆಮೇಲೆ ಗದ್ದೆಯ ನೀರನ್ನು ಬಸಿದುಬಿಡುವ ಉಪಾಯ ಫಲಿಸುವುದು ಅದಕ್ಕೆ ನೀರಿಲ್ಲದೆ ಬಾಳಲಾಗದು ಎಂಬ ಕಾರಣಕ್ಕೇ.

ಇಷ್ಟೂ ಮರಿಯ ಮಾತು. ಅದೇ ಜೀವಿ ರೆಕ್ಕೆ ಪಡೆದಾಗ ಹಾಲುಬಿಳುಪಾಗಿ, ತೆಳು ಕಂದುಗೆರೆಗಳೂ ಸಣ್ಣ ಚುಕ್ಕೆಗಳೂ ಉಳ್ಳದ್ದಾಗಿ, ಬಿಚ್ಚಿದ ರೆಕ್ಕೆಗಳನ್ನು ಅಳೆದರೂ ಸುಮಾರು ಒಂದೂವರೆ ಸೆಂಟಿಮೀಟರ್ ಮಾತ್ರ ಇರುತ್ತದೆ. ರಾತ್ರಿ ದೀಪಕ್ಕೆ ಬರುತ್ತದೆ. 1852ರಲ್ಲಿ ಕೀಟಶಾಸ್ತ್ರಜ್ಞ ಜೆಲ್ಲರ್ ಇದಕ್ಕೆ ಕೊಟ್ಟ ‘ಸ್ಟಾಗ್ನಾಲಿಸ್’ ಎಂಬ ಹೆಸರಿನ ಹಿಂದೆ ನಿಂತ ನೀರು ಎಂಬರ್ಥದ ಲ್ಯಾಟಿನ್ ಪದವಿದೆ. ನಮ್ಮವರು ಮನೆಯನ್ನು ನೋಡಿ ಹೆಸರಿಟ್ಟರೆ ಅವರು ಕೇರಿಯನ್ನು ನೋಡಿ ಇಟ್ಟರು ಎನ್ನಬಹುದು. ಆಫ್ರಿಕಾ, ದಕ್ಷಿಣ ಮತ್ತು ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾಗಳವರೆಗೆ ಇದು ಹಬ್ಬಿದೆ.

ಈ ಬಿಳಿ ರೆಕ್ಕೆಯದನ್ನು ‘ಕೊಳವೆ ಹುಳುವಿನ ಚಿಟ್ಟೆ’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ, ಚಿಟ್ಟೆ ಹಗಲಿನದು. ‘ಪತಂಗ’ ಶಾಸ್ತ್ರಕ್ಕೆ ಸಲ್ಲುತ್ತದೆಯಾದರೂ ಹಳೆಯ ಕಾವ್ಯದಲ್ಲಿ ಅದು ಸೂರ್ಯನೂ ಹೌದು, ಹಕ್ಕಿಯೂ ಹೌದು; ಗದ್ದೆಯಂಚಿನ ಮಾತಿನಲ್ಲಂತೂ ನಾನು ಅದನ್ನು ಕೇಳಿಲ್ಲ. ನಮ್ಮ ಮನೆಯಲ್ಲಿ ಅಜ್ಜಿ ‘ಹಾತೆ ಬೀಳುತ್ತೆ, ದೀಪ ಸಣ್ಣ ಮಾಡು’ ಎನ್ನುತ್ತಿದ್ದರು. ಆದರೆ ಮೊದಲ ಮಳೆಗೆ ಏಳುವ ರೆಕ್ಕೆಗೆದ್ದಲೂ ಅವರಿಗೆ ಹಾತೆಯೇ ಆಗಿತ್ತು. ನನ್ನ ತೊಡಕು ಇರುವುದು ಇಲ್ಲಿಯೇ.

ಸಾಗರ, ಹೊಸನಗರ, ಶೃಂಗೇರಿ, ಕೊಪ್ಪದ ಕಡೆಯವರು ದಯವಿಟ್ಟು ತಿಳಿಸಬೇಕು: ನಿಮ್ಮಲ್ಲಿ ‘ಹಾತೆ’ ಎಂದರೆ ಪತಂಗವೊಂದೇ ಆಗುತ್ತದೆಯೇ, ದೀಪಕ್ಕೆ ಬರುವ ರೆಕ್ಕೆಹುಳುಗಳೆಲ್ಲವೂ ಆಗುತ್ತವೆಯೇ? ಎರಡನೆಯದಾದರೆ, ಪಟ್ಟಿಯಲ್ಲಿ ‘ಕೊಳವೆ ಹಾತೆ’ ಎಂದು ಬರೆದಾಗ ಬೇಸಾಯಗಾರರ ಕಿವಿಗೆ ಅದು ಸಹಜವಾಗಿ ಕೇಳಿಸುತ್ತದೆಯೇ?