ಬಾಬ್‌ಟೇಲ್ ಸ್ಕ್ವಿಡ್: ಫೋಟೋ ನೋಡಿ ಜಾತಿ ಹೇಳಬಹುದಾ?

ಪ್ರಶ್ನೆ: ಜಪಾನಿನ ಒಕಿನಾವಾದಲ್ಲಿ ರಾತ್ರಿ ಡೈವ್ ಮಾಡುವಾಗ ಪುಟ್ಟ ಬಾಬ್‌ಟೇಲ್ ಸ್ಕ್ವಿಡ್ (ತೋಳುಗಳಿರುವ, ಮೆತ್ತನೆ ಮೈಯ ಕಡಲಜೀವಿ) ಸಿಕ್ಕಿತು. ಮೈಮೇಲೆಲ್ಲ ಮರಳು ಹೊದ್ದು ಕೂತಿತ್ತು, ಎಷ್ಟು ಚೆಂದ! ಫೋಟೋ ಹಾಕಿದ್ದೇನೆ. ಇದು ಯೂಪ್ರಿಮ್ನಾ ಕುಲದ ಸ್ಕೋಲೋಪಿಸ್ ಜಾತಿ ಅಲ್ವಾ?

ಉತ್ತರ 1: ಅಲ್ಲ. ಸ್ಕೋಲೋಪಿಸ್ ಹವಾಯಿಯದು, 1913ರಲ್ಲಿ ಬೆರ್ರಿ ಎಂಬ ವಿಜ್ಞಾನಿ ಹೆಸರಿಟ್ಟ ಜಾತಿ. ಒಕಿನಾವಾ ಕಡೆ 2019ರಲ್ಲಿ ಯೂಪ್ರಿಮ್ನಾ ಬ್ರೆನ್ನೆರಿ ಅಂತ ಹೊಸದೊಂದನ್ನು ಗುರುತಿಸಿದರು. ವಿಜ್ಞಾನಿ ಸಿಡ್ನಿ ಬ್ರೆನ್ನರ್ ನೆನಪಿಗೆ ಆ ಹೆಸರು. ಡಿಎನ್ಎಯನ್ನೂ ಹೋಲಿಸಿ ನೋಡಿದ್ದರು. ಸುಮ್ನೆ ಬಣ್ಣ ನಂಬಬೇಡಿ, ಅದು ಕ್ಷಣಕ್ಕೊಂದು ಥರ. ಗಂಡಾದರೆ ತೋಳುಗಳ ಮೇಲಿನ ದೊಡ್ಡ ಹೀರುಬಟ್ಟಲು ಎಲ್ಲೆಲ್ಲಿವೆ ನೋಡಬೇಕು.

ಉತ್ತರ 2: ಅದಕ್ಕೂ ಮೊದಲು ಕುತ್ತಿಗೆ ನೋಡಿ. ಬೆನ್ನಿನ ಕಡೆ ತಲೆಗೂ ಮೈಗೂ ಚರ್ಮ ಕೂಡಿಕೊಂಡಿದ್ದರೆ ಅದು ರೊಸ್ಸಿಯಾ ಅನ್ನೋ ಇನ್ನೊಂದು ಬಾಬ್‌ಟೇಲ್ ಗುಂಪಿನದಲ್ಲ.

ಪ್ರಶ್ನೆ ಕೇಳಿದವರು: ಕೂಡಿಕೊಂಡಿದೆ! ತೋಳು ಮಾತ್ರ ಕಾಣುತ್ತಿಲ್ಲ. ಸದ್ಯಕ್ಕೆ ‘ಯೂಪ್ರಿಮ್ನಾ ಇರಬಹುದು’ ಅಂತಷ್ಟೇ ಬರೆದಿಡುತ್ತೇನೆ.